ಮೂಗಣ್ಣನ ವೈನು

ಗ್ಯಾಸ್ ಕಂಪನಿಯವರು ಅವನನ್ನು ಮೂಗಣ್ಣ ಎಂದು ಕರೆಯುತ್ತಿದ್ದುದು ಅವನ ಮೂಗು ಉದ್ದ ಎಂದಲ್ಲ. ನೋಡಲು ಸಾಧಾರಣ ಮೂಗು, ತುದಿಯಲ್ಲಿ ಸ್ವಲ್ಪ ಚಪ್ಪಟೆ. ಆದರೆ ಯಾವುದಾದರೂ ಬೀದಿಯಲ್ಲಿ ಗ್ಯಾಸ್ ಸೋರುತ್ತಿದೆ ಎಂದು ದೂರು ಬಂದರೆ, ಉಳಿದವರು ಸೋರಿಕೆ ಪತ್ತೆಯ ಯಂತ್ರ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುವಷ್ಟರಲ್ಲಿ ಅವನು ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಾಳಿ ಎಳೆದುಕೊಂಡು, "ಇಲ್ಲಿ ಅಗೀರೋ" ಎನ್ನುತ್ತಿದ್ದ. ಅಗೆದರೆ ಅಲ್ಲೇ ಇರುತ್ತಿತ್ತು. ಅವನ ಜೊತೆ ಕೆಲಸ ಮಾಡುವ ಲಂಬು, "ಮೂಗಣ್ಣನ ಮನೇಲಿ ಅತ್ತಿಗೆ ಈರುಳ್ಳಿ ಹೆಚ್ಚಿದರೆ ಇವನಿಗೆ ಡಿಪೋದಲ್ಲೇ ಕಣ್ಣಲ್ಲಿ ನೀರು" ಎಂದು ತಮಾಷೆ ಮಾಡುತ್ತಿದ್ದ.

ನಮ್ಮದು ಎದುರುಬದುರು ಬಾಗಿಲು. ಮಧ್ಯೆ ಮೆಟ್ಟಿಲು, ಒಂದು ಮೋಟು ಬೆಂಚು, ಮಬ್ಬು ಬಲ್ಬು. ಸಂಜೆ ಕೆಲಸ ಮುಗಿಸಿ ಬಂದವನು ಚೀಲ ಕೆಳಗಿಡುವ ಮೊದಲೇ ನನ್ನ ಮನೆಯ ಸುದ್ದಿ ಹೇಳುತ್ತಿದ್ದ. "ದೊಡ್ಡಮ್ಮ, ನಿಮ್ಮ ಹಾಲು ಒಡೆಯೋ ಮನಸ್ಸು ಮಾಡಿದೆ, ಈಗಲೇ ಕಾಯಿಸಿಬಿಡಿ." "ದೊಡ್ಡಮ್ಮ, ಒದ್ದೆ ಬಟ್ಟೆ ಮಡಚಿಟ್ಟಿದ್ದೀರ, ಬಿಡಿಸಿ ಹಾಕಿ." ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಇನ್ನೊಬ್ಬರ ಮನೆ ಬಟ್ಟೆ ಚಿಂತೆ ನಿಮಗ್ಯಾಕ್ರೀ, ಕಾಲು ತೊಳೀರಿ ಮೊದಲು" ಎಂದು ಗದರುತ್ತಿದ್ದಳು. ಗದರಿಕೆಯಲ್ಲಿ ಹೆಮ್ಮೆಯೂ ಇರುತ್ತಿತ್ತು. ಮೆತ್ತಗೆ ಮಾತಾಡುವ ಹೆಂಗಸು. ಬೇಕಾದ್ದನ್ನು ಕೇಳುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡನ ಕೆಲಸವೇ ಆ ಮನೆಯ ಮಗುವಾಗಿತ್ತು. ಅದು ಉಂಡಿತೇ, ಮಲಗಿತೇ, ಇವತ್ತು ಯಾರಾದರೂ ಹೊಗಳಿದರೇ ಎನ್ನುವುದೇ ಇಬ್ಬರ ಮಾತು.

ಆಮೇಲೆ ಒಂದು ಕೆಟ್ಟ ಜ್ವರ ಬಂತು. ಮೂಗಣ್ಣ ಹಾಸಿಗೆ ಹಿಡಿದು ಮಲಗಿ, ಎದ್ದು, ಮತ್ತೆ ಕೆಲಸಕ್ಕೆ ಹೋದ. ಜ್ವರ ಹೋಗುವಾಗ ಅವನ ವಾಸನೆಯ ಶಕ್ತಿಯನ್ನೂ ಕೊಂಡೊಯ್ದಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಕಂಪನಿಯಲ್ಲಿ ಒಂದು ಗುಂಪಿಗೆ ಒಂದೇ ಯಂತ್ರ. ಅದು ಬೀದಿಯಲ್ಲಿ ಮೇಸ್ತ್ರಿಯ ಕೈಯಲ್ಲಿರುತ್ತದೆ. ಮನೆಗಳ ಅಡುಗೆಕೋಣೆಗೆ ಮೂಗಣ್ಣನಂಥ ಫಿಟ್ಟರ್ ಒಬ್ಬನೇ ಹೋಗುತ್ತಾನೆ. ಅಲ್ಲಿ ಅವನ ಜೊತೆಗಿರುವುದು ಒಂದು ಬಟ್ಟಲು ಸೋಪಿನ ನೀರು, ಒಂದು ಬ್ರಷ್ಷು, ಅವನ ಮೂಗು. ಮೂಗು ಹೋದವನನ್ನು ಮನೆಗಳಿಗೆ ಕಳಿಸುವುದಿಲ್ಲ ಎನ್ನುವುದು ಅವರ ನಿಯಮ. ಅಂಥವನನ್ನು ಸ್ಟೋರಿನಲ್ಲಿ ಕೂರಿಸಿ, ಕಿಟಕಿಯಿಂದ ಕೈ ಚಾಚುವವರಿಗೆ ವಾಷರು ಕೊಡುವ ಕೆಲಸ ಹಚ್ಚುತ್ತಾರೆ. ಮೂಗಣ್ಣ ತಾನೇ ಎಷ್ಟೋ ಸಲ ಆ ಕಿಟಕಿಯ ಹಿಂದೆ ಕೂತ ಮುದುಕರನ್ನು ನೋಡಿ ನಕ್ಕಿದ್ದವನು.

ಆದ್ದರಿಂದ ಅವನು ಬಾಯಿ ಮುಚ್ಚಿಕೊಂಡು ಸೋಪನ್ನು ಹಿಡಿದ. ಮೊದಲು ಕೊಳವೆ ಕೂಡುವ ಒಂದು ಕೀಲಿಗೆ ಬಳಿಯುತ್ತಿದ್ದವನು ಈಗ ಮನೆಯ ಕೊಳವೆಗೆಲ್ಲ ಬಳಿಯತೊಡಗಿದ. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಸರಿ. ಕೆಲಸ ನಿಧಾನವಾಯಿತು. ಮನೆಯವರು ನೆಲ ಒರೆಸಿಕೊಂಡು ಗೊಣಗಿದರು. ಲಂಬು ಡಿಪೋದಲ್ಲಿ, "ಮೂಗಣ್ಣ ಈಗ ಸೋಪಣ್ಣ ಆಗಿದ್ದಾನೆ" ಎಂದ. ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. ಅವನು ಮೂಗಣ್ಣನನ್ನು ಓರೆಗಣ್ಣಲ್ಲಿ ನೋಡಿದ. ಆ ನೋಟವನ್ನು ಮೂಗಣ್ಣ ಮನೆಗೆ ಹೊತ್ತು ತಂದ. ಅಂದು ಊಟವನ್ನೂ ಮಾಡದೆ ಮಲಗಿಬಿಟ್ಟ ಎಂದು ಅವನ ಹೆಂಡತಿ ನನಗೆ ಹೇಳಿದಳು.

ಅವಳಿಗೆ ಗೊತ್ತಾದದ್ದು ಬೇರೆ ರೀತಿಯಲ್ಲಿ. ಒಂದು ದಿನ ಒಲೆಯ ಮೇಲೆ ಹಾಲಿಟ್ಟು, ಇವನನ್ನು ನೋಡಿಕೊಳ್ಳಲು ಹೇಳಿ, ಬೀದಿ ತುದಿಯ ಅಂಗಡಿಗೆ ಹೋಗಿದ್ದಳು. ಬರುವಾಗ ಕೆಳಗಿನ ಮೆಟ್ಟಿಲಿಗೇ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಚೀಲ ಅಲ್ಲೇ ಬಿಸಾಕಿ ಓಡಿ ಬಂದಳು. ಹಾಲು ಉಕ್ಕಿ ಬೆಂಕಿ ಆರಿತ್ತು, ಗ್ಯಾಸ್ ಸೋರುತ್ತಿತ್ತು. ಇವನು ಒಲೆಯಿಂದ ಎರಡೇ ಹೆಜ್ಜೆ ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ, ಒಂದು ತಾಮ್ರದ ಕೊಳವೆಯ ತುದಿ ಉಜ್ಜುತ್ತ ಹಾಯಾಗಿ ಕೂತಿದ್ದ. ಕಿವಿಯ ಮೇಲೊಂದು ಬೀಡಿ, ಜೇಬಿನಲ್ಲಿ ಬೆಂಕಿಪೆಟ್ಟಿಗೆ.

ಅವಳು ಗ್ಯಾಸ್ ಬಂದ್ ಮಾಡಿ ಕಿಟಕಿ ತೆರೆದಳು. ನಾನೂ ಅಷ್ಟರಲ್ಲಿ ಓಡಿ ಹೋಗಿದ್ದೆ.

"ಏನ್ರೀ, ವಾಸನೆ ಬರಲಿಲ್ವಾ?"

ಅವನ ಮುಖ ಬಿಳಚಿಕೊಂಡಿತು. ಒಂದು ಗಳಿಗೆ ಮಾತ್ರ. "ಬರದೆ ಏನು? ಈಗ ಏಳೋಣ ಅಂತಿದ್ದೆ. ನೀನು ಬಂದೆ" ಎಂದ.

ಅವಳು ಒರೆಸುವ ಬಟ್ಟೆ ತಂದಳು. ನೆಲದ ಮೇಲಿನ ಹಾಲನ್ನು ಒರೆಸಿದಳು. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತಳು. "ಈರುಳ್ಳಿ ಕೊಳೆತಿದ್ರೂ ಅವರಿಗೆ ತಿಳೀತಿಲ್ಲ ದೊಡ್ಡಮ್ಮ. ನಾನು ಆಗಲೇ ಅಂದ್ಕೊಂಡಿದ್ದೆ. ಬೇರೆಯವರ ಮನೆಗೆ ಹೋಗಿ ಸರಿ ಇದೆ ಅಂತ ಹೇಳಿ ಬರ್ತಾರಲ್ಲ, ಅದನ್ನ ನೆನೆಸಿಕೊಂಡ್ರೆ ರಾತ್ರಿ ನಿದ್ದೆ ಬರಲ್ಲ" ಎಂದಳು.

"ಕೇಳಿಬಿಡು ನೇರವಾಗಿ" ಎಂದೆ.

"ಕೇಳಿದ್ರೆ ಒಪ್ಪಿಕೋತಾರಾ? ಒಪ್ಪಿಕೊಂಡ್ರೆ ಸತ್ತೇ ಹೋಗ್ತಾರೆ."

ಹೀಗಿರುವಾಗ ಅವಳ ತಮ್ಮ ಬಂದ. ಅವನು ಬೇರೆ ಊರಿನವನು. ಮೀನಿನ ತೊಟ್ಟಿ, ಪಂಜರ, ಹೂಕುಂಡ, ಏನು ಕೇಳಿದರೂ ಮಾರುವ ಅಂಗಡಿಯವನು. ಮಾತು ಹೆಚ್ಚು, ಕೂತಲ್ಲಿ ಕೂರುವವನಲ್ಲ. ಆ ಸಲ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತಿದ. ಮನೆಯಲ್ಲೇ ವೈನ್ ಮಾಡುವ ಸಾಮಾನುಗಳ ಕಿಟ್.

"ಭಾವ, ಜ್ವರದಿಂದ ಎದ್ದವರಿಗೆ ಒಂದು ಹವ್ಯಾಸ ಬೇಕು. ಇದರಲ್ಲಿ ಎಲ್ಲ ಇದೆ. ಸುರಿಯೋದು, ಕಲಸೋದು, ಮುಚ್ಚೋದು, ಕಾಯೋದು. ಅಷ್ಟೇ."

ಪೆಟ್ಟಿಗೆ ಬಿಚ್ಚಿ ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ. ನನ್ನನ್ನೂ ಕರೆದಿದ್ದರು, ನೋಡಿದೆ. ದ್ರಾಕ್ಷಿ ರಸದ ಗಟ್ಟಿ ಪಾಕ ತುಂಬಿದ ದಪ್ಪ ಚೀಲ. ಮುಚ್ಚಳವಿರುವ ಬಿಳಿ ಬಕೆಟ್ಟು. ಯೀಸ್ಟಿನ ಪುಟ್ಟ ಪೊಟ್ಟಣ. ಪಾತ್ರೆ ತೊಳೆಯುವ ಪುಡಿ. ರಸದಲ್ಲಿ ತೇಲಿಬಿಟ್ಟು ಸಕ್ಕರೆ ಎಷ್ಟು ಉಳಿದಿದೆ ಎಂದು ಗೀಟು ನೋಡುವ ಗಾಜಿನ ಕಡ್ಡಿ. ಮೇಲಿನಿಂದ ತಿಳಿ ಇಳಿಸಿಕೊಳ್ಳುವ ರಬ್ಬರ್ ನಳಿಕೆ. ಬಾಟಲಿಗೆ ಹಾಕುವ ಬಿರಡೆಗಳು. ಕೊನೆಗೆ, ಹಂಸದ ಕತ್ತಿನ ಹಾಗೆ ಬಾಗಿದ ಒಂದು ಚೋಟುದ್ದದ ಪ್ಲಾಸ್ಟಿಕ್ ಕೊಳವೆ.

"ಇದು ಮುಚ್ಚಳದ ತೂತಿಗೆ. ಇದರಲ್ಲಿ ನೀರು ಹಾಕಬೇಕು. ಯೀಸ್ಟು ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ. ಒಳಗಿನ ಗ್ಯಾಸು ಈ ನೀರಲ್ಲಿ ಗುಳುಗುಳು ಅಂತ ಹೊರಗೆ ಹೋಗುತ್ತೆ, ಹೊರಗಿನ ಗಾಳಿ ಒಳಗೆ ಬರಲ್ಲ. ಇಡೀ ಪೆಟ್ಟಿಗೆಯಲ್ಲಿ ಮುಖ್ಯವಾದ್ದು ಅಂದರೆ ಇದೇ ಭಾವ."

"ಗ್ಯಾಸನ್ನ ಮನೆಯೊಳಕ್ಕೇ ಬಿಡೋದಾ? ಯಾವ ಬೃಹಸ್ಪತಿ ಕಲಿಸಿದ್ದು ನಿನಗೆ?" ಎಂದ ಮೂಗಣ್ಣ.

"ಇದು ನಿಮ್ಮ ಗ್ಯಾಸಲ್ಲ ಭಾವ, ಉರಿಯಲ್ಲ."

"ನೀನು ಮೀನಿನ ಡಾಕ್ಟರು. ಗ್ಯಾಸ್ ವಿಷಯ ನನಗೆ ಹೇಳಬೇಡ."

ಎಲ್ಲರೂ ನಕ್ಕೆವು. ಆದರೆ ಮೂಗಣ್ಣನ ಕಣ್ಣು ಗಾಜಿನ ಕಡ್ಡಿಯ ಮೇಲೆಯೇ ಇತ್ತು. ಅದನ್ನು ಬೆಳಕಿಗೆ ಹಿಡಿದು ಗೀಟುಗಳನ್ನು ನೋಡಿದ. "ಅಂದರೆ ಎಲ್ಲ ಅಳತೆ ಮೇಲೆ ನಡೆಯುತ್ತೆ. ಕಣ್ಣು, ಕೈ ಇದ್ದರೆ ಸಾಕು" ಎಂದ. ಬಹಳ ದಿನದ ಮೇಲೆ ಅವನ ದನಿಯಲ್ಲಿ ಜೀವ ಬಂದಿತ್ತು.

ತಮ್ಮ ಹೋದ ಮೇಲೆ ಅವನು ಇನ್ನೊಂದು ಮಾತನ್ನು ಹೆಂಡತಿಗೆ ಹೇಳಿದ. "ವೈನ್ ಆದ ಮೇಲೆ ಮೇಸ್ತ್ರೀನ, ಲಂಬೂನ ಮನೆಗೆ ಕರೀತೀನಿ. ನನ್ನ ಕೈಯಾರ ಮಾಡಿದ್ದನ್ನ ಕುಡೀಲಿ. ವೈನ್ ಮಾಡೋನ ಮೂಗಿನ ಬಗ್ಗೆ ಯಾವನು ಮಾತಾಡ್ತಾನೆ ನೋಡೋಣ." ಅಷ್ಟೇ ಅಂದ. ತನ್ನ ಮೂಗಿಗೆ ಏನಾಗಿದೆ ಎಂದು ಆಗಲೂ ಬಾಯಿಬಿಡಲಿಲ್ಲ. ಆದರೆ ಆ ಪೆಟ್ಟಿಗೆ ಅವನಿಗೆ ಏನು ಎಂಬುದು ಅವಳಿಗೆ ಅರ್ಥವಾಯಿತು.

ಕೆಲಸ ಶುರುವಾಯಿತು. ಹಿಂದಿನ ಕೋಣೆಯ ಮಂಚ ಸರಿಸಿ ಬಕೆಟ್ಟಿಗೆ ಜಾಗ ಮಾಡಿದ. ಪುಡಿ ಕಲಸಿದ ನೀರಲ್ಲಿ ಎಲ್ಲವನ್ನೂ ಮೂರು ಮೂರು ಸಲ ತೊಳೆದ. ನೀರು ಉಗುರುಬೆಚ್ಚಗಿದೆಯೇ ಎಂದು ಮೊಣಕೈ ಅದ್ದಿ ನೋಡಿದ. ಪಾಕ ಸುರಿದು ಕಲಸುವಾಗ ಹೆಂಡತಿ ಬಕೆಟ್ಟು ಹಿಡಿದುಕೊಂಡಳು. ಯೀಸ್ಟನ್ನು ಬೆರಳಲ್ಲಿ ಉದುರಿಸುತ್ತ, "ಇವಳೇ, ಉಸಿರು ಬಿಡಬೇಡ, ಹಾರಿಹೋಗುತ್ತೆ" ಎಂದನಂತೆ. ಮದುವೆಯಾದ ಹೊಸತರಲ್ಲಿ ಹೀಗೆ ಮಾತಾಡುತ್ತಿದ್ದರು ಎಂದು ನೆನೆದು ಅವಳು ನಕ್ಕಳು.

ಮಾರನೆಯ ದಿನ ಬಕೆಟ್ಟು ಗುಳುಗುಳು ಎನ್ನತೊಡಗಿತು. ಅದು ಅವನಿಗೆ ಸಹಿಸಲಾಗಲಿಲ್ಲ. ಜನ್ಮವಿಡೀ ಗುಳ್ಳೆ ಕಂಡ ಕಡೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದ ಮನುಷ್ಯ. ಊಟಕ್ಕೆ ಕೂತರೆ ಕಿವಿ ಆ ಕೋಣೆಯ ಕಡೆಗೆ, ಮಲಗಿದರೆ ಕಿವಿ ಆ ಕೋಣೆಯ ಕಡೆಗೆ. ಬಿಗಿದು ಕಟ್ಟಿದರೆ ಸಿಡಿಯುತ್ತದೆ ಎಂಬುದೂ ಅವನಿಗೆ ಗೊತ್ತು. ಆದ್ದರಿಂದ ಫಿಟ್ಟರ್ ಏನು ಮಾಡುತ್ತಾನೋ ಅದನ್ನೇ ಮಾಡಿದ. ಪ್ಲಾಸ್ಟಿಕ್ ಕೊಳವೆಯನ್ನು "ಮಕ್ಕಳ ಆಟದ ಸಾಮಾನು" ಎಂದು ಕಿತ್ತು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಒಂದು ತಾಮ್ರದ ಕೊಳವೆ ಕೂರಿಸಿದ. ಅದನ್ನು ಗೋಡೆಗುಂಟ ಮೇಲಕ್ಕೆ ಹತ್ತಿಸಿ, ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆದು, ಹೊರಗೆ ಬಿಟ್ಟ. ಮಳೆ ನೀರು ಬೀಳದಂತೆ ತುದಿಯನ್ನು ಕೊಕ್ಕೆಯ ಹಾಗೆ ಕೆಳಕ್ಕೆ ಬಗ್ಗಿಸಿದ.

ನನ್ನನ್ನು ಕರೆದು ತೋರಿಸಿದ. "ನೋಡಿ ದೊಡ್ಡಮ್ಮ. ಗ್ಯಾಸು ನೇರ ಆಕಾಶಕ್ಕೆ. ಒಂದು ಗುಳ್ಳೆಯ ಸದ್ದಿಲ್ಲ."

ಕೆಲಸವೇನೋ ಚೆನ್ನಾಗಿತ್ತು. ಬಾಗಿದ ಕಡೆ ಎಲ್ಲಿಯೂ ಸುಕ್ಕಿರಲಿಲ್ಲ, ಉಜ್ಜಿದ ತಾಮ್ರ ಬೆಳಗ್ಗೆಯ ಬಿಸಿಲಿಗೆ ಹೊಳೆಯುತ್ತಿತ್ತು. ಒಳಗಿನದು ಹೊರಗೆ ಹೋಗುವ ದಾರಿಯಲ್ಲಿ ಹೊರಗಿನದೂ ಒಳಗೆ ಬರಬಹುದು ಎಂದು ನನಗೂ ಹೊಳೆಯಲಿಲ್ಲ.

ಕೆಲವು ವಾರ ಕಳೆಯಿತು. ಮೊದಮೊದಲು ಅವರ ಮನೆಯಿಂದ ಹಣ್ಣು ಮಾಗಿದಂಥ ವಾಸನೆ ಬರುತ್ತಿತ್ತು. ಆಮೇಲೆ ಕಿಟಕಿಯ ಹೊರಗಿನ ಕೊಕ್ಕೆಯ ಸುತ್ತ ಸಾಸಿವೆ ಕಾಳಿನಷ್ಟು ಸಣ್ಣ ನೊಣಗಳು ಸುಳಿದಾಡತೊಡಗಿದವು. ಆಮೇಲೆ ವಾಸನೆ ಬದಲಾಯಿತು. ಮೆಟ್ಟಿಲು ಹತ್ತುವಾಗ ಮೂಗಿನ ಹೊಳ್ಳೆಯೊಳಗೆ ಸೂಜಿ ಚುಚ್ಚಿದಂತೆ ಘಾಟು. ಮೇಲಿನ ಮಹಡಿಯ ಹೆಂಗಸು, "ಯಾರ ಮನೇಲಿ ಉಪ್ಪಿನಕಾಯಿ ಜಾಡಿ ಒಡೆದಿದೆ?" ಎಂದು ಕೇಳಿ ಹೋದಳು.

ಮೂಗಣ್ಣ ದಿನಾ ಗಾಜಿನ ಕಡ್ಡಿ ಬಿಟ್ಟು ನೋಡುತ್ತಿದ್ದ. ಕಡ್ಡಿ ಎಲ್ಲಿಗೆ ಮುಳುಗಬೇಕೋ ಅಲ್ಲಿಗೇ ಮುಳುಗುತ್ತಿತ್ತು. ಬಣ್ಣ ಚೆನ್ನಾಗಿ ತಿಳಿಯಾಗಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಹುಳಿ ಎಂದು ನಾಲಿಗೆಗೆ ತಿಳಿಯುತ್ತಿತ್ತು. ವೈನ್ ಎಂದರೆ ಹುಳಿಯೇ ಇರಬೇಕು ಎಂದುಕೊಂಡ. ಅದಕ್ಕೆ ಮೊದಲು ಅವನು ವೈನ್ ಕುಡಿದವನೂ ಅಲ್ಲ.

ಒಂದು ದಿನ ಹೆಂಡತಿ ಧೈರ್ಯ ಮಾಡಿದಳು. "ಯಾಕೋ ಘಾಟು ಜಾಸ್ತಿ ಬರ್ತಿದೆ ಕಣ್ರೀ. ತಮ್ಮನಿಗೊಂದು ಮಾತು ಕೇಳೋಣ್ವಾ?"

"ಓಹೋ. ನನ್ನ ಮೂಗಿಗಿಂತ ನಿನ್ನ ಮೂಗು ದೊಡ್ಡದಾಯ್ತಾ?"

"ಹಾಗಲ್ಲ..."

"ನನಗೂ ವಾಸನೆ ಬರುತ್ತೆ. ವೈನ್ ಹೀಗೇ ಬರೋದು. ಅಡುಗೆ ನೋಡ್ಕೋ ಹೋಗು."

ಈ ಮಾತು ನನ್ನ ಬಾಗಿಲವರೆಗೂ ಕೇಳಿಸಿತು. ಅವಳು ತಪ್ಪಲೆ ತಿಕ್ಕುವ ಸದ್ದೂ ಕೇಳಿಸಿತು. ಬಹಳ ಹೊತ್ತು ತಿಕ್ಕಿದಳು.

ಅವನು ಅದನ್ನೆಲ್ಲ ಬಾಟಲಿಗೆ ತುಂಬಿ, ಬಿರಡೆ ಜಡಿದು, ಗೋಡೆಯ ಬದಿಗೆ ಸಾಲಾಗಿ ಮಲಗಿಸಿದ. ಬರುವ ಭಾನುವಾರ ಮಧ್ಯಾಹ್ನಕ್ಕೆ ಮೇಸ್ತ್ರಿಯನ್ನೂ ಲಂಬುವನ್ನೂ ಕರೆದೂ ಬಂದ. ಆ ವಾರದ ನಡುವೆ ಅವನು ಕೆಲಸಕ್ಕೆ ಹೋಗಿದ್ದಾಗ ತಮ್ಮ ಬಂದ. ನಾನೂ ಅಲ್ಲೇ ಇದ್ದೆ. ಬಾಗಿಲಲ್ಲೇ ಮೂಗು ಹಿಡಿದುಕೊಂಡ. ಒಂದು ಬಾಟಲಿ ತೆಗೆದು ಮೂಸಿ, ಕಿಟಕಿಯ ತಾಮ್ರದ ಕೊಳವೆಯನ್ನು ನೋಡಿ, ತಲೆ ಮೇಲೆ ಕೈ ಹೊತ್ತು ಕೂತ.

"ಅಕ್ಕಾ, ಇದು ವೈನಲ್ಲ, ವಿನೆಗರ್. ಗಾಳಿ ಹೊಕ್ಕು ಕೆಟ್ಟಿದೆ. ಭಾವನಿಗೆ ಇಷ್ಟು ದಿನ ವಾಸನೇನೇ ತಿಳೀಲಿಲ್ವಾ?"

ಅವಳು ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಅಕ್ಕನ ಮುಖ ನೋಡಿದ. ನನ್ನ ಮುಖ ನೋಡಿದ. ಬಾಯಿ ಹೆಚ್ಚಾದರೂ ಬುದ್ಧಿ ಕಡಿಮೆಯಿಲ್ಲದ ಹುಡುಗ. ಮೆಲ್ಲಗೆ, "ಅಯ್ಯೋ" ಎಂದ. ಭಾನುವಾರ ಮೇಸ್ತ್ರಿ ಬರುವುದನ್ನು ನಾನೇ ಹೇಳಿದೆ. ಅವನು ಎದ್ದು ಹೊರಗೆ ಹೋದ. ಬರುವಾಗ ಒಂದು ಚೀಲದ ತುಂಬ ಅಂಗಡಿಯ ಒಳ್ಳೆಯ ವೈನಿನ ಬಾಟಲಿಗಳನ್ನು ತಂದಿದ್ದ.

"ಅದನ್ನ ಮೋರಿಗೆ ಸುರಿ, ಇದನ್ನ ಅದೇ ಬಾಟ್ಲಿಗಳಿಗೆ ತುಂಬು. ಬಿರಡೆ ನಾನು ಹಾಕ್ಕೊಡ್ತೀನಿ. ಭಾವನಿಗೆ ಗೊತ್ತಾಗಲ್ಲ. ಅವರ ನಾಲಿಗೆಗೆ ಎರಡೂ ಹುಳೀನೇ. ಮೇಸ್ತ್ರಿ ಕುಡೀತಾನೆ, ಹೊಗಳ್ತಾನೆ, ಹೋಗ್ತಾನೆ. ಅವರ ಕೆಲಸ ಉಳಿಯುತ್ತೆ."

"ನೀನು ಊರಿಗೆ ಹೊರಡು, ಬಸ್ಸು ತಪ್ಪುತ್ತೆ. ನಾನು ನೋಡ್ಕೋತೀನಿ" ಎಂದಳು ಅವಳು.

ಅವನು ಹೊರಟ. ಅವಳು ಆ ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನನ್ನ ಅಡುಗೆಕೋಣೆಗೆ ಬಂದು ಕೂತಳು. ಚೀಲವನ್ನು ಕೆಳಗಿಡಲಿಲ್ಲ.

"ತುಂಬಿಬಿಡೋಣ ಬಾ, ನಾನೂ ಕೈ ಹಾಕ್ತೀನಿ" ಎಂದೆ. ನನಗೆ ಆಗ ಅದೇ ಸರಿ ಎನ್ನಿಸಿತ್ತು.

"ತುಂಬಿದ್ರೆ ಅವರು ಗೆಲ್ತಾರೆ ದೊಡ್ಡಮ್ಮ."

"ಗೆಲ್ಲಲಿ ಬಿಡೇ. ಯಾರಿಗೇನು ನಷ್ಟ?"

"ಸೋಮವಾರ ಮತ್ತೆ ಯಾರ ಮನೆಗೋ ಹೋಗ್ತಾರೆ. ಆ ಮನೇಲೂ ಒಬ್ಬಳು ಹಾಲಿಟ್ಟು ಅಂಗಡಿಗೆ ಹೋಗಿರ್ತಾಳೆ. ಮಕ್ಕಳು ಒಳಗೆ ಆಡ್ತಾ ಇರ್ತವೆ. ಇವರು ಸೋಪು ಹಚ್ಚಿ, ಸರಿ ಇದೆ ಅಂತ ಹೇಳಿ, ಕೆಳಗೆ ಬಂದು ಬೀಡಿ ಹಚ್ಚುತ್ತಾರೆ." ಅವಳ ದನಿ ಮೊದಲಿನಷ್ಟೇ ಮೆತ್ತಗಿತ್ತು. "ನಾನು ಮೇಸ್ತ್ರಿ ಹತ್ರ ಹೋಗಿ ಗಂಡನ ಮೇಲೆ ದೂರು ಹೇಳಲಾರೆ. ನನ್ನ ಕೈಲಿ ಅದು ಆಗಲ್ಲ. ಬಾಟ್ಲಿ ಬದಲಾಯಿಸದೆ ಸುಮ್ಮನಿರೋದು ಆಗುತ್ತೆ."

ಚೀಲವನ್ನು ನನ್ನ ಮಂಚದ ಕೆಳಗೆ ತಳ್ಳಿ ಎದ್ದು ಹೋದಳು.

ಭಾನುವಾರ ಮೂಗಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಗಾಜಿನ ಲೋಟಗಳನ್ನು ಉಸಿರು ಊದಿ ಒರೆಸಿ ಇಟ್ಟಿದ್ದ. ಅವಳು ಬಟಾಣಿ ಬೇಯಿಸಿ, ಕಡಲೆಕಾಯಿ ಹುರಿದು ಇಟ್ಟಿದ್ದಳು. ಕಿಟಕಿಗಳನ್ನೆಲ್ಲ ತೆರೆದಿದ್ದಳು. ಕೊನೆಯ ಗಳಿಗೆಯಲ್ಲಿ ಅವಳಿಗೂ ಮನಸ್ಸು ತಡೆದಿರಬೇಕು. ನನ್ನನ್ನೂ ಕೂರಿಸಿಕೊಂಡಿದ್ದಳು.

ಮೇಸ್ತ್ರಿ ಗಟ್ಟಿಮುಟ್ಟಾದ ಆಳು, ಕಡಿಮೆ ಮಾತು. ಲಂಬು ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದವನೇ, "ಅತ್ತಿಗೆ, ಇವತ್ತಾದರೂ ಇವನು ಸೋಪಿನ ನೀರು ಕುಡಿಸಲ್ಲ ತಾನೇ?" ಎಂದ.

"ಕೂತ್ಕೊಳ್ಳೋ. ಇವತ್ತು ನಿನ್ನ ಬಾಯಿ ಮುಚ್ಚಿಸ್ತೀನಿ" ಎಂದ ಮೂಗಣ್ಣ. ಬಿರಡೆ ಎಳೆದ. ಭಾಮೈದ ಹೇಳಿಕೊಟ್ಟಿದ್ದ ಹಾಗೆ ಲೋಟದಲ್ಲಿ ಸ್ವಲ್ಪ ಸುರಿದು, ಒಂದು ಸುತ್ತು ತಿರುಗಿಸಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. "ಮೊದಲು ಮೂಗಿಗೆ, ಆಮೇಲೆ ಬಾಯಿಗೆ. ಆಹಾ! ಹಣ್ಣಿನ ತೋಟದಲ್ಲಿ ನಿಂತ ಹಾಗಿದೆ."

ಬಾಟಲಿಯಿಂದ ಹೊರಟ ಘಾಟು ಅಷ್ಟರಲ್ಲಿ ಕೋಣೆ ತುಂಬಿತ್ತು. ಲಂಬು ತನ್ನ ಲೋಟವನ್ನು ಮುಖದಿಂದ ದೂರ ಹಿಡಿದು ಕಿಸಕ್ಕೆಂದು ನಕ್ಕ. "ಮೂಗಣ್ಣಾ, ಚೆನ್ನಾಗಿದೆ ಕಣೋ ಆಟ. ನಮ್ಮನ್ನ ಬಕರಾ ಮಾಡೋಕೆ ಕರೆದಿದ್ದಾ? ಈಗ ನಿಜವಾದದ್ದು ತೆಗಿ."

ಮೇಸ್ತ್ರಿ ಅವನ ತೋಳಿನ ಮೇಲೆ ಕೈಯಿಟ್ಟು ತಡೆದ. ತನ್ನ ಲೋಟವನ್ನು ಮೂಸಿ ನೋಡಿದ. ಘಾಟಿಗೆ ಅವನ ಕಣ್ಣಲ್ಲಿ ನೀರಾಡಿತು.

"ಯಾವ ಹಣ್ಣಿನ ವಾಸನೆಯಪ್ಪ?" ಎಂದ.

"ಕಪ್ಪು ದ್ರಾಕ್ಷಿ. ಹಿಂದುಗಡೆ ಒಂಚೂರು ಗುಲಾಬಿ." ಪೆಟ್ಟಿಗೆಯ ಮೇಲೆ ಬರೆದಿದ್ದನ್ನು ಅವನು ಬಾಯಿಪಾಠ ಮಾಡಿದ್ದ.

"ಗುಲಾಬಿ" ಎಂದ ಮೇಸ್ತ್ರಿ.

 ಲಂಬುವಿನ ನಗೆ ಅರ್ಧಕ್ಕೇ ನಿಂತಿತ್ತು. ಏನೋ ಎಡವಟ್ಟಾಗಿದೆ ಎಂದು ಮೂಗಣ್ಣನಿಗೆ ತಿಳಿಯಿತು, ಎಲ್ಲಿ ಎಂದು ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಗಲು ನೋಡಿದ.

ಮೇಸ್ತ್ರಿ ಅವಳ ಕಡೆ ತಿರುಗಿದ. "ನೀವು ಹೇಳಮ್ಮ. ಇದು ಯಾವ ವಾಸನೆ?"

ಅವಳು ಕಡಲೆಕಾಯಿಯ ತಟ್ಟೆ ಹಿಡಿದು ನಿಂತಿದ್ದಳು. ಆಗಲೂ ಒಂದು ಮಾತಿನಲ್ಲಿ ಮುಚ್ಚಿಹಾಕಬಹುದಿತ್ತು. ತಮಾಷೆಗೆ ಮಾಡಿದ್ದು ಎನ್ನಬಹುದಿತ್ತು, ಬಾಟಲಿ ತಪ್ಪಿ ಬಂತು ಎನ್ನಬಹುದಿತ್ತು. ಮೂಗಣ್ಣ ಅವಳನ್ನೇ ನೋಡುತ್ತಿದ್ದ.

"ವಿನೆಗರ್, ಅಣ್ಣ. ಕೆಟ್ಟು ಬಹಳ ದಿನ ಆಯ್ತು" ಎಂದಳು.

ಮೇಸ್ತ್ರಿ ಲೋಟವನ್ನು ಮೇಜಿನ ಮೇಲಿಟ್ಟು, "ಮೂಗು ಹೋಗಿ ಎಷ್ಟು ದಿನ ಆಯ್ತಪ್ಪ?" ಎಂದು ಕೇಳಿದ. ಕೋಪದಿಂದ ಕೇಳಿದ್ದಲ್ಲ. ಹುಷಾರಿಲ್ಲದವರನ್ನು ಕೇಳುವ ಹಾಗೆ ಕೇಳಿದ. ಮೂಗಣ್ಣ ಅವನ ಕಡೆ ನೋಡಲೇ ಇಲ್ಲ. ಅವನ ಕಣ್ಣು ಹೆಂಡತಿಯ ಮೇಲೆಯೇ ಇತ್ತು. ಕೈಯಲ್ಲಿದ್ದ ಲೋಟದಿಂದ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಪೂರಾ ಕುಡಿದು ಲೋಟವನ್ನು ಬೋರಲು ಹಾಕಿದ.

ಸೋಮವಾರ ಅವನನ್ನು ಸ್ಟೋರಿಗೆ ಹಾಕಿದರು.

ಅಷ್ಟಕ್ಕೇ ನಿಂತಿದ್ದರೆ ಒಂದಲ್ಲ ಒಂದು ದಿನ ಸರಿಹೋಗುತ್ತಿತ್ತೇನೋ. ಮುಂದಿನ ಸಲ ತಮ್ಮ ಬಂದಾಗ, ಮೂಗಣ್ಣ ಒಳಗಿನ ಕೋಣೆಯಲ್ಲಿ ಇದ್ದಾನೆ ಎಂದು ತಿಳಿಯದೆ, "ಅಕ್ಕಾ, ನಾನು ತಂದುಕೊಟ್ಟ ಒಳ್ಳೇ ವೈನು ಏನ್ಮಾಡಿದೆ? ಯಾಕೆ ಬದಲಾಯಿಸಲಿಲ್ಲ?" ಎಂದುಬಿಟ್ಟ. ಒಳಗಿನಿಂದ ಮೂಗಣ್ಣ ಬಂದು ನಿಂತ.

"ಏನು ಬದಲಾಯಿಸೋದು?"

ತಮ್ಮ ತಡವರಿಸಿದ. ಅವಳೇ ಹೇಳಿದಳು, ಒಂದೂ ಬಿಡದೆ. ಚೀಲ ಎಲ್ಲಿದೆ ಎಂಬುದನ್ನೂ ಹೇಳಿದಳು.

"ನಿನಗೆ ಗೊತ್ತಿತ್ತು" ಎಂದ ಅವನು.

"ಗೊತ್ತಿತ್ತು ರೀ."

"ಬೇಕಂತಲೇ ಮಾಡಿದೆ."

"ಹೌದು."

ಅವನು ಕೂಗಾಡಲಿಲ್ಲ. ಆ ದಿನದಿಂದ ಅವಳ ಜೊತೆ ಮಾತು ಬಿಟ್ಟ. ಮಾತಾಡಲೇಬೇಕಾದರೆ ನನ್ನ ಮೂಲಕ ಆಡುತ್ತಿದ್ದ. ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ, "ದೊಡ್ಡಮ್ಮ, ಉಪ್ಪು ಕಡಿಮೆ ಅಂತ ಹೇಳಿ" ಎನ್ನುತ್ತಿದ್ದ. ಅವಳು ಎದ್ದು ಉಪ್ಪು ತಂದಿಡುತ್ತಿದ್ದಳು. ಕೆಟ್ಟ ವೈನನ್ನು ಅವಳು ಚೆಲ್ಲಲಿಲ್ಲ. ನಲ್ಲಿಯ ಕಲೆ, ಸಿಂಕಿನ ಜಿಡ್ಡು ತೆಗೆಯಲು ಬಹಳ ತಿಂಗಳು ಅದನ್ನೇ ಬಳಸಿದಳು. ಹಾಗೆ ಉಜ್ಜುವಾಗಲೆಲ್ಲ ಘಾಟಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅವನು ಅಲ್ಲೇ ಕೂತಿದ್ದರೂ ಏಕೆ ಎಂದು ತಿಳಿಯುತ್ತಿರಲಿಲ್ಲ.

ಮೇಸ್ತ್ರಿ ಸುಮ್ಮನೆ ಕೂರಲಿಲ್ಲ. ಜ್ವರದಿಂದ ಎದ್ದ ಮೇಲೆ ಮೂಗಣ್ಣ ಯಾವ ಯಾವ ಮನೆಗೆ ಹೋಗಿದ್ದನೋ ಅಲ್ಲಿಗೆಲ್ಲ ಯಂತ್ರ ಕೊಟ್ಟು ಲಂಬುವನ್ನು ಕಳಿಸಿದ. ಕೆಲಸ ಬಹಳ ದಿನ ನಡೆಯಿತು. ಮುಗಿದ ಮೇಲೆ ಲಂಬು ಒಂದು ಸಂಜೆ ನಮ್ಮ ಮೆಟ್ಟಿಲು ಹತ್ತಿ ಬಂದ. ತಮಾಷೆ ಮಾಡಲಿಲ್ಲ. ಅವರ ಮನೆ ಬಾಗಿಲಲ್ಲೇ ನಿಂತ, ನಾನೂ ಅಲ್ಲಿದ್ದೆ.

"ಅತ್ತಿಗೆ, ಎಲ್ಲ ಮನೇನೂ ನೋಡಿದ್ವಿ. ಒಂದು ಕಡೇನೂ ಸೋರ್ತಿಲ್ಲ. ಒಂದು ಕೀಲೂ ಸಡಿಲ ಇಲ್ಲ. ಮೂಗಿದ್ದೋರು ಮಾಡಿದ ಮನೆಗಳಿಗಿಂತ ಗಟ್ಟಿಯಾಗಿವೆ. ಅವನಿಗೆ ಹೇಳಿ. ನನಗೆ ಹೇಳೋಕೆ ಮುಖ ಇಲ್ಲ."

ಅವನು ಹೋದ. ಅವಳು ಬಾಗಿಲ ಹಿಡಿ ಹಿಡಿದುಕೊಂಡೇ ನಿಂತಿದ್ದಳು.  ನಾಳೆ ಸೋರಬಹುದಿತ್ತು ಎಂದು ನಾನು ಅವಳಿಗೆ ಹೇಳಬಹುದಿತ್ತು. ಸೋರಿರಲಿಲ್ಲವಲ್ಲ.

ಒಳಗೆ ಮೂಗಣ್ಣ ಊಟಕ್ಕೆ ಕೂತಿದ್ದ. ಡಿಪೋದ ಸುದ್ದಿ ಸ್ಟೋರಿಗೆ ಮೊದಲೇ ಮುಟ್ಟಿರುತ್ತದೆ. ಅವನಿಗೆ ಆಗಲೇ ಗೊತ್ತಿತ್ತು. ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ದೊಡ್ಡಮ್ಮ, ಅವಳನ್ನ ಕೇಳಿ. ಎಷ್ಟು ಮನೆ ಸೋರ್ತಿತ್ತಂತೆ?"

ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಅವಳು ಅಲ್ಲೇ ಇದ್ದಳು.

"ಕೇಳಿ ದೊಡ್ಡಮ್ಮ."

"ಒಂದೂ ಸೋರ್ತಿರಲಿಲ್ಲ ಅಂತ ಹೇಳಿ" ಎಂದಳು ಅವಳು, ನನಗೆ.

ಅವನು ತಲೆಯಾಡಿಸಿದ. ತಟ್ಟೆಯಲ್ಲಿ ಉಳಿದಿದ್ದನ್ನು ನಿಧಾನವಾಗಿ ಊಟ ಮಾಡಿ ಮುಗಿಸಿದ. ಅವಳು ತಟ್ಟೆ ತೆಗೆಯಲು ಬಗ್ಗಿದಾಗ ಅವಳ ಕೈಗೆ ಕೊಡದೆ ಅದನ್ನು ತಾನೇ ಎತ್ತಿಕೊಂಡು ಹೋಗಿ, ತಾನೇ ತೊಳೆದು, ಗೋಡೆಗೆ ಒರಗಿಸಿ ಇಟ್ಟ.